ಸೈಲೆನ್ಸರ್‌ಗೆ ಬಣ್ಣ ಹಚ್ಚುವ ಮೊದಲು ಉಪ್ಪು ತೊಳೆಯಿರಿ

ಪ್ರಶ್ನೆ: ದಿನಾ ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಬೈಕಿನಲ್ಲಿ ಹೆಮ್ಮಾಡಿ, ವಂಡ್ಸೆ ಕಡೆ ಮಾರಲು ಹೋಗುತ್ತೇನೆ. ಬೈಕಿಗೆ ನಾಲ್ಕೇ ವರ್ಷ, ಆಗಲೇ ಸೈಲೆನ್ಸರ್ ಪೂರ್ತಿ ತುಕ್ಕು. ಗೇಟಿಗೆ ಹಚ್ಚಿ ಉಳಿದ ರೆಡ್ ಆಕ್ಸೈಡ್ ಹೊಡೆದು ಮೇಲೆ ಸಿಲ್ವರ್ ಪೈಂಟ್ ಕೊಟ್ಟೆ. ತಿಂಗಳೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಮನೆಯಲ್ಲೇ ಬಣ್ಣ ಹಚ್ಚುವ ಸರಿಯಾದ ಕ್ರಮ ಯಾವುದು?
— ಓದುಗರು, ಗಂಗೊಳ್ಳಿ

ಉತ್ತರ: ನಿಮ್ಮ ಬಣ್ಣ ಎದ್ದು ಬರಲು ಎರಡು ಕಾರಣ. ಗೇಟಿನ ರೆಡ್ ಆಕ್ಸೈಡ್ ಬಿಸಿಲು ತಡೆಯುತ್ತದೆ, ಸೈಲೆನ್ಸರಿನ ಬಿಸಿ ತಡೆಯುವುದಿಲ್ಲ. ಎಂಜಿನ್ ಪಕ್ಕದ ಬೆಂಡ್ ಪೈಪಿನಲ್ಲಂತೂ ಸುಟ್ಟು ಪುಡಿಯಾಗುತ್ತದೆ. ಎರಡನೆಯದು ಉಪ್ಪು. ತುಕ್ಕಿನ ಸಣ್ಣ ಗುಳಿಗಳಲ್ಲಿ ಕುಳಿತ ಉಪ್ಪು ಕಣ್ಣಿಗೆ ಕಾಣದು. ಗಾಳಿಯ ತೇವ ಶೇಕಡಾ 75 ದಾಟಿದರೆ ಸಾಕು, ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲವಿಡೀ ಅಷ್ಟು ತೇವ ಇದ್ದೇ ಇರುತ್ತದೆ. ಹಾಗಾಗಿ ಬಣ್ಣದ ಅಡಿಯಲ್ಲೇ ಆ ಉಪ್ಪುನೀರು ಕಬ್ಬಿಣ ಕೊರೆಯುತ್ತಾ ಹೋಗುತ್ತದೆ.

ಮೊದಲು ಸೈಲೆನ್ಸರ್ ಬಣ್ಣಕ್ಕೆ ಯೋಗ್ಯವೇ ನೋಡಿ. ಬೈಕು ಪೂರ್ತಿ ತಣಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಲೋಹದ ಸದ್ದು ಬಂದರೆ ಸರಿ. ಎಲ್ಲಾದರೂ ‘ಡಬ್’ ಎಂದರೆ ಅಲ್ಲಿ ಮೊನೆಯಿಂದ ಒತ್ತಿ. ಒಳಗೆ ಹೋದರೆ ಬಣ್ಣ ಹಚ್ಚಿ ಫಲವಿಲ್ಲ. ಸೈಲೆನ್ಸರ್ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಹೊರಡುತ್ತದೆ. ಮನೆಮನೆಗೆ ನಿಲ್ಲಿಸುತ್ತಾ ಹೋಗುವ ಬೈಕಿನಲ್ಲಿ ಸೈಲೆನ್ಸರ್ ಚೆನ್ನಾಗಿ ಕಾಯದೆ ಆ ಹಬೆ ಒಳಗೇ ನೀರಾಗಿ ಉಳಿಯುತ್ತದೆ. ಅಡಿಯಲ್ಲಿ ನೀರು ಹೋಗುವ ಸಣ್ಣ ತೂತಿದ್ದರೆ ಅದು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ.

ಗಟ್ಟಿಯಿದ್ದರೆ ಬಿಚ್ಚಿ ಕೆಲಸ ಮಾಡುವುದೇ ಒಳ್ಳೆಯದು. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ, ತಿರುಗದಿದ್ದರೆ ಬಲ ಹಾಕಿ ಮುರಿಯಬೇಡಿ, ಮೆಕ್ಯಾನಿಕ್ ಬಳಿ ಬಿಚ್ಚಿಸಿ. ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. 2020ರ ಏಪ್ರಿಲ್ ನಂತರದ ಹೆಚ್ಚಿನ ಬಿಎಸ್-6 ಬೈಕುಗಳಲ್ಲಿ ಪೈಪಿಗೆ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದಕ್ಕೆ ಬಣ್ಣ, ಥಿನ್ನರ್ ತಾಗಬಾರದು.

ನಂತರ ಸೋಪಿನ ನೀರಲ್ಲಿ ತೊಳೆದು, ಎದ್ದ ಬಣ್ಣ ಮತ್ತು ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆಯಿರಿ. 80 ನಂಬರಿನ ಎಮರಿ ಪೇಪರಿನಿಂದ ಶುರುಮಾಡಿ 120, 220ಕ್ಕೆ ಬನ್ನಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಇಲ್ಲಿಗೆ ಹೆಚ್ಚಿನವರು ಬಣ್ಣದ ಡಬ್ಬಿ ತೆರೆಯುತ್ತಾರೆ. ನೀವು ಹಾಗೆ ಮಾಡದೆ ಇನ್ನೊಮ್ಮೆ ತೊಳೆಯಿರಿ. ಕೆರೆದ ಮೇಲಷ್ಟೇ ಗುಳಿಗಳ ಬಾಯಿ ತೆರೆದು ಉಪ್ಪು ಹೊರಬರುವುದು. ಬಾವಿ ನೀರು ಉಪ್ಪಾಗಿದ್ದರೆ ಅದು ಬೇಡ, ಸಿಹಿನೀರೇ ಆಗಬೇಕು. ತೊಳೆದ ಕೂಡಲೇ ಬಿಸಿಲಲ್ಲಿ ಒಣಗಿಸಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ 600 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆಂದು ಬರೆದ ಹೀಟ್ ರೆಸಿಸ್ಟೆಂಟ್ ಸ್ಪ್ರೇ ಪೈಂಟನ್ನೇ ಕೇಳಿ. ಪ್ರೈಮರ್ ಬೇಕೆಂದು ಡಬ್ಬಿ ಹೇಳಿದರೆ ಅದೇ ಜಾತಿಯದ್ದು ತನ್ನಿ. ಒಲೆ, ಬೀಡಿ ಹತ್ತಿರವಿಲ್ಲದ ಬಯಲಲ್ಲಿ, ಗೇಣಿಗಿಂತ ಸ್ವಲ್ಪ ದೂರದಿಂದ ತೆಳ್ಳಗೆ ಹೊಡೆಯಿರಿ. ಹದಿನೈದು ನಿಮಿಷ ಬಿಟ್ಟು ಇನ್ನೊಂದು ಕೋಟ್, ಮತ್ತೊಂದು ಕೋಟ್. ದಪ್ಪ ಹೊಡೆದರೆ ಕಾದಾಗ ಗುಳ್ಳೆ ಏಳುತ್ತದೆ.

ಒಂದು ದಿನ ಒಣಗಿದ ಮೇಲೂ ಈ ಬಣ್ಣ ಉಗುರಿಗೆ ಕೆರೆದು ಬರುತ್ತದೆ. ಹೆದರಬೇಡಿ, ಇದು ಬಿಸಿಗೇ ಗಟ್ಟಿಯಾಗುವ ಬಣ್ಣ. ಸೈಲೆನ್ಸರ್ ಕೂರಿಸಿ ಬಯಲಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸಿ, ಪೂರ್ತಿ ತಣಿಯಲು ಬಿಡಿ. ಮತ್ತೆ ಇಪ್ಪತ್ತು ನಿಮಿಷ ಓಡಿಸಿ ತಣಿಸಿ. ಮೂರನೆಯ ಬಾರಿ ತ್ರಾಸಿ, ಮರವಂತೆವರೆಗೆ ನಿಧಾನಕ್ಕೆ ಹೋಗಿ ಬನ್ನಿ. ಸ್ವಲ್ಪ ಹೊಗೆ, ವಾಸನೆ ಬರುವುದು ಸಹಜ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಬೇಡಿ, ಎಂಜಿನ್ನಿನ ಹೊಗೆ ಜೀವಕ್ಕೆ ಅಪಾಯ.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ ಇರುವಾಗ ಮಾಡಿದರಾಯಿತು ಎಂದುಕೊಳ್ಳಬೇಡಿ. ಆಗ ಮಳೆ. ಮೇ ತಿಂಗಳ ಬಿಸಿಲಿಗೇ ಮುಗಿಸಿ.

ಕೊನೆಗೆ, ನಾಳೆ ಬೆಳಿಗ್ಗೆ ಮೀನು ತುಂಬಿದ ಮೇಲೆ ಬೈಕಿನ ಹಿಂದೆ ಕೂತು ನೋಡಿ. ಪೆಟ್ಟಿಗೆಯಿಂದ ಕರಗಿದ ಐಸಿನ ಉಪ್ಪುನೀರು ಎಲ್ಲಿ ತೊಟ್ಟಿಕ್ಕುತ್ತಿದೆ? ಬಲಕ್ಕಾದರೆ ಸೈಲೆನ್ಸರ್ ಮೇಲೆ, ಎಡಕ್ಕಾದರೆ ಚೈನಿನ ಮೇಲೆ. ಪೆಟ್ಟಿಗೆಯ ತೂತಿಗೆ ಪೈಪು ಸಿಕ್ಕಿಸಿ, ಟಯರಿಗೂ ತಾಗದಂತೆ ಹಿಂದೆ ಕಟ್ಟಿದ ಸಣ್ಣ ಕ್ಯಾನಿಗೆ ಇಳಿಸಿ. ಮಾರಾಟ ಮುಗಿಸಿ ಬಂದು ಸೈಲೆನ್ಸರ್ ತಣಿದ ಮೇಲೆ ಒಂದು ಬಕೆಟ್ ಸಿಹಿನೀರು ಹೊಯ್ಯಿರಿ. ಅಷ್ಟು ಮಾಡಿದರೆ, ಬಿಸಿಲಲ್ಲಿ ಕೂತು ಕೆರೆದ ನಿಮ್ಮ ಒಂದು ದಿನದ ಶ್ರಮ ಮುಂದಿನ ಮಳೆಗಾಲಕ್ಕೇ ಕರಗಿ ಹೋಗುವುದಿಲ್ಲ.