ಉಂಡೆಯೊಳಗೆ ಗುಟ್ಟು ಬೇಡ

ಪ್ರಶ್ನೆ: ನನಗೆ 34 ವರ್ಷ, ನಮ್ಮ ಮನೆಯವರಿಗೆ 41. ಮದುವೆಯಾಗಿ ಹನ್ನೆರಡು ವರ್ಷ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ. ನಾಲ್ಕು ಎಕರೆ ಹೊಲದಲ್ಲಿ ಮೆಕ್ಕೆಜೋಳ ಹಾಕುತ್ತೇವೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಬೋರು ಹೊಡೆಸಿದೆವು, ಹನಿ ನೀರು ಬರಲಿಲ್ಲ. ಅಲ್ಲಿಂದ ಇವರ ಮಾತು ಕಮ್ಮಿಯಾಗುತ್ತ ಬಂತು. ಕುಡಿತವಿಲ್ಲ, ಬೈಗುಳವಿಲ್ಲ, ಹೊಡೆತವಿಲ್ಲ. ಏನು ಕೇಳಿದರೂ ‘ಹ್ಞೂಂ’, ‘ಉಹ್ಞೂಂ’, ಅಷ್ಟೇ. ರಾತ್ರಿ ಫೋನು ಹಿಡಿದುಕೊಂಡು ಹೊರಗೆ ಕಟ್ಟೆಯ ಮೇಲೆ ಮಲಗುತ್ತಾರೆ. ನಮ್ಮಿಬ್ಬರ ನಡುವೆ ಗಂಡ-ಹೆಂಡಿರ ಸಂಬಂಧ ಇಲ್ಲದೆ ವರ್ಷವಾಗುತ್ತ ಬಂತು. ಇವರಿಗೆ ನಾನು ಬ್ಯಾಡಾದೆನೇನೋ ಅನ್ನಿಸಿ ಅಳು ಬರುತ್ತದೆ.

ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಅಶ್ವಗಂಧ, ಶತಾವರಿ, ನಸುಗುನ್ನಿ ಬೀಜ, ಜಾಜಿಕಾಯಿ ಹಾಕಿ ಉಂಡೆ ಕಟ್ಟಿ ಕೊಟ್ಟರೆ ಗಂಡ ಮನಸ್ಸು ಬಿಚ್ಚಿ ಮಾತಾಡುತ್ತಾನೆ, ಹತ್ತಿರ ಬರುತ್ತಾನೆ ಎನ್ನುತ್ತಾರೆ. ಪಕ್ಕದ ಮನೆಯ ಅಕ್ಕ ಜಾತ್ರೆಯಲ್ಲಿ ತಂದ ಒಂದು ಪುಡಿಯ ಪೊಟ್ಟಣವನ್ನೂ ಕೊಟ್ಟಿದ್ದಾಳೆ. ಅದರ ಮೇಲೆ ಹೆಸರಿಲ್ಲ. ಇವರಿಗೆ ಅಂಟಿನ ಉಂಡೆ ಎಂದರೆ ಪ್ರಾಣ. ಅದರಲ್ಲಿ ಹೇಳದೆ ಬೆರೆಸಿ ಕೊಡಲೇ? ಇವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಏನಾದರೂ ಆಗುತ್ತದೆಯೇ?

– ಹೆಸರು ಬೇಡ, ಅರಸೀಕೆರೆ, ಹರಪನಹಳ್ಳಿ ತಾಲ್ಲೂಕು

ಉತ್ತರ: ತಂಗಿ, ಅಂಟಿನ ಉಂಡೆ ಕಟ್ಟಿ, ಖಂಡಿತ ಕಟ್ಟಿ. ಪೊಟ್ಟಣದ ಪುಡಿಯನ್ನು ತಿಪ್ಪೆಗೆ ಹಾಕಿ. ಅವರಿಗೆ ಹೇಳದೆ ಏನನ್ನೂ ಬೆರೆಸಬೇಡಿ, ಅದು ಎಷ್ಟೇ ಒಳ್ಳೆಯ ಬೇರಾಗಿರಲಿ.

ನಿಮ್ಮ ಪ್ರಶ್ನೆ ಬಹಳ ಹಳೆಯದು. ವ್ಯಾಸಭಾರತದ ವನಪರ್ವದಲ್ಲಿ ಸತ್ಯಭಾಮೆ ಇದನ್ನೇ ದ್ರೌಪದಿಯ ಬಳಿ ಕೇಳುತ್ತಾಳೆ. ಐವರು ಗಂಡಂದಿರೂ ನಿನ್ನ ಮಾತು ಮೀರುವುದಿಲ್ಲವಲ್ಲ, ಅದು ಯಾವ ಮಂತ್ರ, ಯಾವ ಬೇರು, ಯಾವ ಔಷಧಿ ಎಂದು. ದ್ರೌಪದಿಗೆ ಆ ಪ್ರಶ್ನೆಯೇ ಹಿಡಿಸುವುದಿಲ್ಲ. ಹೆಂಡತಿ ಮದ್ದು-ಮಂತ್ರಕ್ಕೆ ಕೈಹಾಕಿದ್ದಾಳೆಂದು ತಿಳಿದ ಗಂಡ, ಮನೆಗೆ ಹಾವು ಹೊಕ್ಕವನಂತೆ ಹೆದರಿಕೊಂಡೇ ಇರುತ್ತಾನೆ. ಹೆದರಿದವನಿಗೆ ನೆಮ್ಮದಿಯೆಲ್ಲಿ, ನೆಮ್ಮದಿ ಇಲ್ಲದವನಿಗೆ ಸುಖವೆಲ್ಲಿ ಎನ್ನುತ್ತಾಳೆ. ಹೀಗೆ ಬೇರು, ಚೂರ್ಣ ತಿನ್ನಿಸಿದ್ದರಿಂದ ಗಂಡಸರು ಜಲೋದರ, ಕುಷ್ಠ, ಕಿವುಡುತನ, ಷಂಡತನಕ್ಕೆ ಗುರಿಯಾದದ್ದನ್ನೂ ಎಣಿಸುತ್ತಾಳೆ. ಆಕೆ ಮುಂದೆ ಹೇಳುವ ಪತಿಸೇವೆಯ ಪಾಠವನ್ನೆಲ್ಲ ನಾವು ಈಗ ಒಪ್ಪಬೇಕಾಗಿಲ್ಲ. ಗುಟ್ಟಿನ ಮದ್ದಿನ ಬಗ್ಗೆ ಆಕೆ ಹೇಳಿದ್ದನ್ನು ಮಾತ್ರ ಇವತ್ತಿನ ವೈದ್ಯರೂ ತಳ್ಳಿಹಾಕುವುದಿಲ್ಲ.

ನಿಮ್ಮ ಊರ ಕಡೆಯೇ ನೋಡಿ. ಸೊಸೆ ‘ಮದ್ದು ಹಾಕಿದ್ದಾಳೆ’ ಎಂಬ ಮಾತು ಒಮ್ಮೆ ಓಣಿಗೆ ಬಿದ್ದರೆ ಅದನ್ನು ಹೆಕ್ಕಿ ತೆಗೆಯುವವರು ಯಾರು? ಆಮೇಲೆ ಅವರಿಗೆ ಹೊಟ್ಟೆನೋವು ಬಂದರೂ ಅಪವಾದ ನಿಮಗೆ, ವಾಂತಿಯಾದರೂ ನಿಮಗೆ. ಮದ್ದು ತೆಗೆಯುತ್ತೇವೆಂದು ಏನೇನೋ ಕುಡಿಸುವವರ ಹತ್ತಿರ ಅತ್ತೆ ಮಗನನ್ನು ಕರೆದೊಯ್ದಾರು. ಈಗ ನಿಮ್ಮಿಬ್ಬರ ನಡುವೆ ಮಾತು ನಿಂತಿದೆ, ಸ್ಪರ್ಶ ನಿಂತಿದೆ. ಆದರೆ ನೀವು ಬಡಿಸಿದ್ದನ್ನು ಅವರು ಅನುಮಾನವಿಲ್ಲದೆ ಉಣ್ಣುತ್ತಿದ್ದಾರೆ. ಉಳಿದಿರುವ ನಂಬಿಕೆ ಅದೊಂದೇ. ಅದನ್ನು ಪಣಕ್ಕಿಡಬೇಡಿ.

ಈಗ ವಿಡಿಯೊದವರು ಹೇಳಿದ ಒಂದೊಂದು ಸಾಮಾನನ್ನೂ ನೋಡೋಣ. ಅಶ್ವಗಂಧ, ಅಂದರೆ ಹಿರೇಮದ್ದು, ಒತ್ತಡ ಮತ್ತು ನಿದ್ದೆಯ ತೊಂದರೆಗೆ ತಕ್ಕಮಟ್ಟಿಗೆ ಉಪಯೋಗವಾಗುತ್ತದೆಂದು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಅದು ಬಿಪಿಯನ್ನೂ ಸಕ್ಕರೆಯನ್ನೂ ಇಳಿಸಬಹುದು, ಮಾತ್ರೆ ನುಂಗುವವರಿಗೆ ಎರಡೂ ಸೇರಿ ತಲೆಸುತ್ತು ಬರಬಹುದು. ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಅಪರೂಪಕ್ಕೆ ಲಿವರ್‌ಗೆ ಏಟು ಬಿದ್ದ ಪ್ರಕರಣಗಳೂ ದಾಖಲಾಗಿವೆ. ಬಸುರಿಯರಿಗಂತೂ ಬೇಡವೇ ಬೇಡ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿಯೇ ಅದು. ಅಳತೆ ತಪ್ಪಿದರೆ ವಾಕರಿಕೆ, ಬಿಪಿ ಕುಸಿತ, ಮನಸ್ಸಿನ ಗಲಿಬಿಲಿ. ಜಾಜಿಕಾಯಿ ಚಿಟಿಕೆಯಷ್ಟಾದರೆ ಘಮ, ಐದು ಗ್ರಾಂ ದಾಟಿದರೆ ಎದೆಬಡಿತ ಏರಿ ಇಲ್ಲದ್ದೆಲ್ಲ ಕಾಣಿಸುವ ವಿಷ. ಜೇಷ್ಠಮಧು ಸೇರಿಸಿ ಎಂದು ಯಾರಾದರೂ ಹೇಳಿದರೆ ಅದೂ ಬೇಡ, ಅದು ಬಿಪಿ ಏರಿಸುತ್ತದೆ. ಶತಾವರಿ ಇವುಗಳಷ್ಟು ಕಟುವಲ್ಲ, ಆದರೆ ಅದು ಗಂಡನ ಬಾಯಿ ಬಿಡಿಸುತ್ತದೆ ಎನ್ನಲು ಆಧಾರವಿಲ್ಲ.

ಉಂಡೆಯಲ್ಲಿ ಇನ್ನೂ ಒಂದು ತೊಡಕಿದೆ. ಕಲಸಿದ ಪುಡಿ ಎಲ್ಲ ಉಂಡೆಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಡಬ್ಬಿ ಕೈಗೆಟಕುವಲ್ಲಿದ್ದರೆ ಮೊದಲು ಖಾಲಿ ಮಾಡುವವರು ಮಕ್ಕಳು. ಅವರ ಪುಟ್ಟ ಮೈಗೆ ಆ ಅಳತೆ ಬಲು ದೊಡ್ಡದು.

ಹೆಸರಿಲ್ಲದ ಪೊಟ್ಟಣದ ಮಾತು ಇದಕ್ಕಿಂತ ಗಂಭೀರ. ‘ಗಿಡಮೂಲಿಕೆ’ ಎಂದು ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್‌ನಂಥ ಇಂಗ್ಲಿಷ್ ಔಷಧಿಯನ್ನು ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರಿಗೆ ಆ ಬೆರಕೆ ಪ್ರಾಣಕ್ಕೇ ಕುತ್ತು. ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೂ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು ನಮ್ಮ ದೇಶ 1954ರ ಕಾಯ್ದೆಯಲ್ಲೇ ನಿಷೇಧಿಸಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ವೈದ್ಯರ ಚೀಟಿಯಿಲ್ಲದೆ ಮಾರುವ ಕಾಮೋತ್ತೇಜಕಗಳು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪುವಂತಿಲ್ಲವೆಂದು 1989ರಲ್ಲಿ ತೀರ್ಮಾನಿಸಿತು.

ಹಾಗಾದರೆ ಹಿರಿಯರು ಸುಳ್ಳೇ ಹೇಳಿದರೇ ಎಂದು ನೀವು ಕೇಳಬಹುದು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆ, ಕೂಡ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯ ಪೂರ್ತಿ ಅದಕ್ಕೇ ಮೀಸಲು. ಹಾಲು, ತುಪ್ಪ, ಸಕ್ಕರೆ, ಜೇನು, ಉದ್ದು ಸೇರಿಸಿ ಮಾಡುವ ತಿನಿಸುಗಳು ಅಲ್ಲಿ ಸಾಲುಸಾಲಾಗಿವೆ. ಯುನಾನಿಯ ಮಾಜೂನ್ ಕೂಡ ಸಿಹಿಯಲ್ಲಿ ಮೂಲಿಕೆ ಕಲಸಿದ ಪಾಕವೇ. ಆದರೆ ಅದೇ ಅಧ್ಯಾಯದಲ್ಲಿ ಚರಕ ಎರಡು ಮಾತು ಹೇಳುತ್ತಾನೆ, ವಿಡಿಯೊದವರು ಅವನ್ನು ಬಿಟ್ಟುಬಿಡುತ್ತಾರೆ. ಒಂದು, ಎಲ್ಲಕ್ಕಿಂತ ಮೇಲಾದ ವಾಜೀಕರಣ ಮನಸ್ಸಿಗೆ ಹಿಡಿಸಿದ ಸಂಗಾತಿ. ಇನ್ನೊಂದು, ಚಿಂತೆ, ಭಯ, ಅಪನಂಬಿಕೆ, ದುಃಖ ಇರುವಲ್ಲಿ ಗಂಡಸಿನ ಬಯಕೆ ಬತ್ತುತ್ತದೆ. ನಿಮ್ಮ ಮನೆಗೆ ಎರಡನೆಯ ಮಾತು ನೇರವಾಗಿ ತಾಕುತ್ತದೆ.

ನೀವೇ ಬರೆದಿದ್ದೀರಿ, ಬೋರು ಫೇಲಾದ ಮೇಲೆ ಮಾತು ಕಮ್ಮಿಯಾಯಿತು ಎಂದು. ನೀವು ಅದನ್ನು ‘ನಾನು ಬ್ಯಾಡಾದೆ’ ಎಂದು ಓದಿಕೊಂಡಿದ್ದೀರಿ. ನನಗೆ ಕಾಣುವುದು ಬೇರೆ. ಮಳೆ ನಂಬಿದ ಹೊಲ, ಕೈಸಾಲ, ಬಡ್ಡಿ, ಸಂಘದ ಕಂತು. ಇದನ್ನೆಲ್ಲ ಹೆಂಡತಿಯ ಮುಂದೆ ಎತ್ತಿದರೆ ಸೋತಂತೆ ಎಂದು ನಮ್ಮ ಗಂಡಸರಿಗೆ ಸಣ್ಣವರಿದ್ದಾಗಿನಿಂದ ಕಲಿಸಲಾಗಿದೆ. ಹಾಗೆ ಬಾಯಿಕಟ್ಟಿಕೊಂಡವನು ಹೆಂಡತಿಯ ಹತ್ತಿರ ಬರಲೂ ನಾಚುತ್ತಾನೆ, ಹತ್ತಿರ ಬಂದರೆ ಎಲ್ಲವೂ ಹೊರಬಿದ್ದೀತೆಂದು. ಇದರ ಮೇಲೆ ಮೈಯ ಕಾರಣವೂ ಇರಬಹುದು. ಕೆಲವು ಬಿಪಿ ಮಾತ್ರೆಗಳು ಬಯಕೆಯನ್ನೂ ಶಕ್ತಿಯನ್ನೂ ಕುಗ್ಗಿಸುತ್ತವೆ. ಗೊತ್ತಾಗದೆ ಏರಿದ ಸಕ್ಕರೆಯೂ ಹಾಗೇ. ನಲವತ್ತು ದಾಟಿದವರಲ್ಲಿ ಶಿಶ್ನದ ನಿಮಿರುವಿಕೆ ಕುಂದುವುದು ಹೃದಯದ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಅದಕ್ಕಾಗಿ ಅವರನ್ನು ಬಿಪಿ, ಶುಗರ್ ಪರೀಕ್ಷೆಗೆ ಕಳಿಸಿ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ, ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಲಿ. ಮೂಲಿಕೆಯ ಔಷಧಿಯೇ ಬೇಕೆಂದಿದ್ದರೆ ಇಬ್ಬರೂ ಸೇರಿ ಸರ್ಕಾರಿ ಆಯುರ್ವೇದ ವೈದ್ಯರ ಹತ್ತಿರ ಹೋಗಿ, ನುಂಗುವ ಮಾತ್ರೆಯ ಹಾಳೆಯನ್ನು ತೋರಿಸಿ, ಅವರು ಬರೆದ ಅಳತೆಯಲ್ಲಿ ತೆಗೆದುಕೊಳ್ಳಿ.

ಇನ್ನು ಉಂಡೆ. ಅಂಟಿನ ಉಂಡೆಯನ್ನು ಒಬ್ಬರೇ ಕಟ್ಟುವುದು ಕಷ್ಟ. ಬೆಲ್ಲದ ಪಾಕ ಬಿಸಿ ಇರುವಾಗಲೇ ಕಟ್ಟಿ ಮುಗಿಸಬೇಕು, ಆರಿದರೆ ಪುಡಿಪುಡಿಯಾಗುತ್ತದೆ. ಹಾಗಾಗಿ ಇನ್ನೆರಡು ಕೈ ಬೇಕೇ ಬೇಕು. ಆ ಎರಡು ಕೈ ನಿಮ್ಮ ಮನೆಯವರದ್ದಾಗಲಿ. ಅರ್ಧ ಕಿಲೊ ಒಣಕೊಬ್ಬರಿ ತುರಿದು ಬೆಚ್ಚಗೆ ಹುರಿಯಿರಿ. ಕಾಲು ಕಿಲೊ ಉತ್ತತ್ತಿಯನ್ನು ಬೀಜ ತೆಗೆದು ಕುಟ್ಟಲು ಅವರಿಗೆ ಕೊಡಿ. ನೂರು ಗ್ರಾಂ ಅಂಟನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಅರಳಿಸಿ. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗೆ ಗಟ್ಟಿ ಉಳಿದು ಹಲ್ಲಿಗೆ ಅಂಟುತ್ತದೆ. ಗಸಗಸೆ ಎರಡು ಚಮಚ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ಕೈಗೆ ಬಂದಷ್ಟು, ಏಲಕ್ಕಿ, ಒಂದು ಚಿಟಿಕೆ ಜಾಜಿಕಾಯಿ ಸಾಕು. ಮುನ್ನೂರು-ನಾನ್ನೂರು ಗ್ರಾಂ ಬೆಲ್ಲದ ಎಳೆ ಪಾಕಕ್ಕೆ ಎಲ್ಲವನ್ನೂ ಸುರಿದು ಕಲಸಿ, ಕೈಗೆ ತುಪ್ಪ ಸವರಿಕೊಂಡು ಕಟ್ಟಿ. ನಮ್ಮಲ್ಲಿ ಬಾಣಂತಿಗೆ ಕೊಡುವ ಉಂಡೆ ಇದು, ಬೇಡದ್ದೇನೂ ಇದರಲ್ಲಿಲ್ಲ. ಬೆಲ್ಲವಾದರೂ ಸಕ್ಕರೆಯಂತೆಯೇ ಶುಗರ್ ಏರಿಸುತ್ತದೆ, ಪರೀಕ್ಷೆಯಲ್ಲಿ ಸಕ್ಕರೆ ಕಂಡರೆ ಅರ್ಧ ಉಂಡೆಗೆ ನಿಲ್ಲಿಸಿ.

ಉಂಡೆಯಿಂದ ಮಾತು ಹುಟ್ಟುವುದಿಲ್ಲ. ಕೈಗೆ ಕೆಲಸವಿದ್ದಾಗ, ಎದುರುಬದುರು ಕಣ್ಣು ನೆಡುವ ಒತ್ತಾಯ ಇಲ್ಲದಾಗ, ಮಾತಾಡಲಾರದವರೂ ಎರಡು ಮಾತಾಡುತ್ತಾರೆ. ಆ ಹೊತ್ತಿನಲ್ಲಿ ‘ಯಾಕೆ ಮಾತಾಡಂಗಿಲ್ಲ?’ ಎಂದು ಕೇಳಬೇಡಿ, ಅದು ಪಂಚಾಯ್ತಿ ಕರೆದಂತಾಗುತ್ತದೆ. ‘ಬೋರಿನ ಸಾಲ ಇನ್ನೂ ಎಷ್ಟೈತಿ ಹೇಳ್ರಿ, ಇಬ್ಬರೂ ಕೂತು ಲೆಕ್ಕ ಹಾಕೋಣ’ ಎನ್ನಿ. ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿ. ‘ನಾನು ಅವತ್ತೇ ಬ್ಯಾಡ ಅಂದಿದ್ದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಬಿಡಿ. ಹೇಳದಿದ್ದರೆ ಒತ್ತಾಯ ಬೇಡ, ಇನ್ನೊಂದು ದಿನ ಕೇಳಿದರಾಯಿತು. ಕಿರುಸಾಲದವರು ಮನೆ ಮುಂದೆ ನಿಂತು ಕಿರುಕುಳ ಕೊಡುತ್ತಿದ್ದರೆ ಅದನ್ನು ತಡೆಯಲು 2025ರಿಂದ ರಾಜ್ಯದಲ್ಲಿ ಕಾನೂನಿದೆ, ಠಾಣೆಗೆ ದೂರು ಕೊಡಬಹುದು ಎಂಬುದು ಅವರಿಗೂ ತಿಳಿಯಲಿ.

ನಿಮ್ಮ ಮಾತನ್ನೂ ಹೇಳಿ. ‘ಇವರಿಗೆ ನಾನು ಬ್ಯಾಡಾದೆನೇನೋ’ ಎಂದು ನನಗೆ ಬರೆದಿದ್ದೀರಿ. ಆ ಮಾತು ತಲುಪಬೇಕಾದದ್ದು ಅವರಿಗೆ. ‘ನೀವು ಹೊರಗ ಮಲಗಿದ್ರ ನನಗ ಬ್ಯಾಸರಾಗ್ತೈತ್ರಿ’ ಎಂದರೆ ಸಾಕು, ದೂರಿನ ದನಿ ಬೇಡ. ಬಯಕೆಯನ್ನು ಹೆಂಗಸು ಮೊದಲು ಹೇಳಬಾರದೆಂಬ ನಿಯಮ ಯಾವ ದೇವರೂ ಬರೆದದ್ದಲ್ಲ. ಮಕ್ಕಳು ಕೆಲವು ರಾತ್ರಿ ಅಜ್ಜಿಯ ಪಕ್ಕ ಮಲಗಲಿ, ಒಳಕೋಣೆಗೆ ಒಂದು ಚಿಲಕ ಹಾಕಿಸಿ. ಚಿಕ್ಕ ಮನೆಯಲ್ಲಿ ಸರಸ ನಿಲ್ಲುವುದು ಎಷ್ಟೋ ಸಲ ಜಾಗವಿಲ್ಲದೆ. ಒಳಗೆ ಬಂದ ಮೊದಲ ರಾತ್ರಿಯೇ ಎಲ್ಲವೂ ಆಗಬೇಕೆಂದಿಲ್ಲ. ಪಕ್ಕದಲ್ಲಿ ಮಲಗುವುದು, ಕೈಹಿಡಿಯುವುದು, ನೋಯುವ ಬೆನ್ನಿಗೆ ಎಣ್ಣೆ ತಿಕ್ಕುವುದು ಮೊದಲು. ಕೊಟ್ಟೂರಿಗೆ ಪಾದಯಾತ್ರೆ ಹೋಗುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಈ ಬಾರಿ ಇಬ್ಬರೇ ಜೊತೆಯಾಗಿ ನಡೆಯಿರಿ, ಅಷ್ಟು ದೂರದಲ್ಲಿ ಒಂದಲ್ಲ ಒಂದು ಮಾತು ಹೊರಡುತ್ತದೆ.

ಒಂದು ಎಚ್ಚರಿಕೆ ಇದೆ. ನಿದ್ದೆ ಕೆಟ್ಟಿದೆಯೇ, ಊಟ ಇಳಿದಿದೆಯೇ, ಹೊಲದ ಕಡೆಯೂ ಮನಸ್ಸಿಲ್ಲವೇ, ‘ನಾನಿದ್ದು ಏನು ಪ್ರಯೋಜನ’ ಎನ್ನುತ್ತಾರೆಯೇ ನೋಡಿ. ಹಾಗಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನು ಇವತ್ತೇ ಬೀಗ ಹಾಕಿ ಇಡಿ, ಇಲ್ಲವೇ ನಂಬುಗೆಯವರ ಮನೆಗೆ ಸಾಗಿಸಿ. ಸಾವಿನ ಮಾತು ಬಂದರೆ ‘ಸಾಯುವ ವಿಚಾರ ಬರ್ತೈತೇನ್ರಿ?’ ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು, ನೀವೊಬ್ಬರೇ ಕರೆ ಮಾಡಿದರೂ ಆಗುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಹುಚ್ಚರ ಡಾಕ್ಟರು ಎಂದು ಅವರು ಹಿಂಜರಿದರೆ ‘ನಿದ್ದಿ ಬರಲಿ ಅಂತ ಹೋಗೋಣು’ ಎನ್ನಿ. ಅದು ಸುಳ್ಳಲ್ಲ.

ಪುಡಿ ಕೊಟ್ಟ ಅಕ್ಕನ ಮೇಲೆ ಸಿಟ್ಟಾಗಬೇಡಿ, ನಿಮ್ಮ ಒಳ್ಳೆಯದಕ್ಕೇ ಕೊಟ್ಟಿದ್ದಾಳೆ. ಪೊಟ್ಟಣವನ್ನು ಯಾಕೆ ಎಸೆದಿರಿ ಎಂದು ಮಾತ್ರ ಆಕೆಗೆ ಹೇಳಿ. ಅಂಥದ್ದೇ ಇನ್ನೊಂದು ಆಕೆಯ ಮನೆಯಲ್ಲೂ ಇದ್ದೀತು.