ಮಗು ನಿಂತ ಮೆಟ್ಟಿಲು

ನಿನಗೆ ಎಚ್.ಡಿ. ಕೋಟೆಯ ಶಾಲೆಗೆ ಪೋಸ್ಟಿಂಗ್ ಆಯಿತೆಂದು ಕೇಳಿ ತುಂಬ ಸಂತೋಷವಾಯಿತು ಮಗಳೇ. ಕಾಡಂಚು, ಬಸ್ಸು ಕಡಿಮೆ, ಆನೆ ಕಾಟ ಎಂದು ಜೊತೆಯವರು ಹೆದರಿಸಿರಬಹುದು. ಅವರು ಹೇಳದೇ ಬಿಟ್ಟ ಸಂಗತಿಯೊಂದಿದೆ. ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿ ಈಗ ನಡೆಯುವ ರೀತಿ ಮೊದಲು ರೂಪುಗೊಂಡಿದ್ದು ಆ ತಾಲ್ಲೂಕಿನ ಮೇಷ್ಟ್ರುಗಳ ಕೈಯಲ್ಲಿ.

1995ರ ಸುಮಾರಿಗೆ ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಗೆ ಹೋಗಿ, ಸುತ್ತಲ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದರು. ಯುನಿಸೆಫ್ ನೆರವಾಯಿತು. ಆದರೆ ಕೂತು ಕಾರ್ಡು ಬರೆದವರು, ಹಾಡು ಹೊಂದಿಸಿದವರು ದಿನಾ ಪಾಠ ಮಾಡುವವರೇ. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು.

ಆ ನೆಲಕ್ಕೆ ಅದು ಎಷ್ಟು ಒಗ್ಗುತ್ತದೆ ಅನ್ನುವುದು ಹಾಡಿಯ, ಅಂದರೆ ಕಾಡಂಚಿನ ಬುಡಕಟ್ಟು ಕೇರಿಯ, ಮಗುವನ್ನು ನೋಡಿದರೆ ತಿಳಿಯುತ್ತದೆ. ಕಾಫಿ ಕೊಯ್ಲು ಬಂತೆಂದರೆ ಜೇನುಕುರುಬರ ಎಷ್ಟೋ ಕುಟುಂಬಗಳು ಕೊಡಗಿನ ತೋಟಗಳಿಗೆ ಹೊರಡುತ್ತವೆ, ಮಕ್ಕಳನ್ನೂ ಕಟ್ಟಿಕೊಂಡು. ಮೊದಲೆಲ್ಲ ಹಾಗೆ ಹೋಗಿಬಂದ ಮಗುವಿಗೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಮೂಲೆಯಲ್ಲಿ ನಾಲ್ಕು ದಿನ ಸುಮ್ಮನೆ ಕೂತು, ಐದನೇ ದಿನ ಬರುವುದನ್ನೇ ಬಿಡುತ್ತಿತ್ತು. ನಲಿ-ಕಲಿಯ ಕಲಿಕಾ ಏಣಿಯಲ್ಲಿ, ಅಂದರೆ ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಮದಲ್ಲಿ, ಹಾಗಿಲ್ಲ. ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನ ಕಾರ್ಡು ಅದಕ್ಕಾಗಿ ಟ್ರೇಯಲ್ಲಿ ಕಾದಿರುತ್ತದೆ. ಯಾರೂ ಅದನ್ನು ದಡ್ಡ ಅನ್ನುವಂತಿಲ್ಲ.

ಅಕ್ಷರ ಕಲಿಸುವ ಕ್ರಮವನ್ನೇ ನೋಡು. ವರ್ಣಮಾಲೆ ಪೂರ್ತಿ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಬರುವುದಲ್ಲ. ಮೊದಲು ರ, ಗ, ಸ, ದ, ಅ. ಎಳೆ ಕೈಗೆ ಸುಲಭವಾಗಿ ಒದಗುವ ಆಕಾರಗಳು. ಈ ಐದೇ ಬಂದರೆ ಮಗು ಸರ, ಅರಸ, ಅಗಸ, ಗರಗಸ ಎಲ್ಲ ಓದಿಬಿಡುತ್ತದೆ. ಮೈಸೂರು ಸೀಮೆಯ ಮಗು ತಾನಾಗಿ ‘ದಸರ’ ಎಂದು ಬರೆದು ಸ್ಲೇಟು ಎತ್ತಿ ಹಿಡಿದಾಗ ಮುಂದಿನ ಕೆಲಸಕ್ಕೆ ಅವಸರ ಮಾಡಬೇಡ. ಪಕ್ಕದವರಿಗೆ ತೋರಿಸಲಿ, ಬಾಗಿಲ ಹೊರಗೆ ಬಿಸಿಯೂಟದ ಅಕ್ಕನಿಗೂ ತೋರಿಸಿ ಬರಲಿ.

ಒಂದು ಎಚ್ಚರ ಹೇಳಲೇಬೇಕು. ಮೇಷ್ಟ್ರುಗಳು ಮನಸ್ಸಿಟ್ಟು ಕಟ್ಟಿದ್ದು ಸುತ್ತೋಲೆಯಾಗಿ ಕೈಗೆ ಬಂದರೆ ಬೇಗ ಜೀವ ಕಳೆದುಕೊಳ್ಳುತ್ತದೆ. ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರದಲ್ಲಿ ಹೋದ ವರ್ಷದ ಚಿತ್ರಗಳು ಧೂಳು ಹಿಡಿದಿರುವುದನ್ನು, ಪ್ರತಿ ಮಗುವಿನ ಕಲಿಕೆ ಗುರುತಿಸುವ ಪ್ರಗತಿ ನೋಟದಲ್ಲಿ ಎಲ್ಲ ಮಕ್ಕಳಿಗೂ ಒಂದೇ ದಿನ ಗುರುತು ಬಿದ್ದಿರುವುದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತಿರುವಾಗ ನಿನ್ನ ಜಾಗ ಕುರ್ಚಿಯಲ್ಲ. ಶಿಕ್ಷಕರ ಬೆಂಬಲ ಪೂರ್ತಿ ಬೇಕಾದ ಮಕ್ಕಳ ಗುಂಪಿನಲ್ಲಿ, ನೆಲದ ಮೇಲೆ. ಹಾಡಿಯ ಮಗು ಮನೆಯಲ್ಲಿ ಆಡುವ ನುಡಿ ನಮ್ಮ ಪುಸ್ತಕದ ಕನ್ನಡವಲ್ಲ. ತಿದ್ದಲು ಹೋಗುವ ಮೊದಲು ಅದರ ಬಾಯಿಂದಲೇ ನಾಲ್ಕು ಮಾತು ಕಲಿತುಕೋ. ಹಕ್ಕಿ, ಮರ, ಗೆಡ್ಡೆಗಳ ಹೆಸರಿನಲ್ಲಂತೂ ಅದು ನಿನಗಿಂತ ಮುಂದಿರುತ್ತದೆ.

ಊರವರ ವಿಷಯ. 2001ರಲ್ಲಿ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಾಗಿನಿಂದ ಶಾಲೆಯ ಮೇಲೆ ಪೋಷಕರಿಗೂ ಅಧಿಕಾರವಿದೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದವರು ಹೇಗೆ ಬಂದಾರು? ಆಮೇಲೆ ‘ಇವರಿಗೆ ಕಾಳಜಿಯಿಲ್ಲ’ ಎಂದು ನಡಾವಳಿಯಲ್ಲಿ ಬರೆಯುವುದು ಅನ್ಯಾಯ. ಹೆಡ್‌ಮಾಸ್ಟರಿಗೆ ಹೇಳಿ ಸಂಜೆ ಕರೆಸು. ಹಾಡಿಯಲ್ಲೇ ಕೂತು ಮಾತಾಡಿದರೆ ಇನ್ನೂ ಒಳ್ಳೆಯದು. ತೋಟಕ್ಕೆ ಯಾವಾಗ ಹೊರಡುತ್ತಾರೆ, ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ, ಆಗದಿದ್ದರೆ ವಾಪಸು ಯಾವಾಗ, ಕೇಳಿ ಬರೆದಿಟ್ಟುಕೋ. ಹೊರಡುವ ದಿನ ಮಗು ಯಾವ ಮೆಟ್ಟಿಲಲ್ಲಿತ್ತು ಅನ್ನುವುದೂ ಅದೇ ಪುಟದಲ್ಲಿರಲಿ.