ಅತಿಥಿ ಸತ್ಕಾರವೂ ಒಂದು ಉಪಬೆಳೆ
ಯೂರೋಪಿನ ಪರಿಸರಸ್ನೇಹಿ ವಸತಿಗಳ ಬಗ್ಗೆ ಒಂದು ಅಭ್ಯಾಸ ಲೇಖನ



ತೋಟದ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುವುದು ನಮ್ಮ ಕಾಫಿ ಸೀಮೆಯಲ್ಲಿ ಈಗ ಹೊಸ ಸಂಗತಿಯೇನಲ್ಲ. ಅದರ ಜೊತೆಗೆ ‘ಪರಿಸರಸ್ನೇಹಿ’, ‘ಇಕೋ’ ಎಂಬ ಬೋರ್ಡುಗಳೂ ರಸ್ತೆಬದಿಯಲ್ಲಿ ಹೆಚ್ಚಿವೆ. ಬೋರ್ಡು ಬರೆಸಲು ಬಣ್ಣ, ಕುಂಚ ಸಾಕು. ಆದರೆ ಆ ಮಾತಿಗೆ ಅರ್ಥ ಬರಬೇಕಾದರೆ ಏನೇನು ಬೇಕು ಎಂಬುದನ್ನು ಯೂರೋಪಿನವರು ಕಳೆದ ನಲವತ್ತು ವರ್ಷಗಳಲ್ಲಿ ಕಾನೂನು, ಅಳತೆ ಮತ್ತು ತಪಾಸಣೆಗಳ ಮೂಲಕ ಹಂತಹಂತವಾಗಿ ಕಲಿತಿದ್ದಾರೆ. ಈ ಕೆಲಸದಲ್ಲಿ ಅಲ್ಲಿನ ಸಣ್ಣ ರೈತರ ಪಾಲು ದೊಡ್ಡದು. ಕೋಣೆ ಕಟ್ಟಿಸಲು ಸಾಲ ಮಾಡುವ ಮುನ್ನ ನಮ್ಮ ಸದಸ್ಯರು ಅವರ ಅನುಭವವನ್ನು ತಿಳಿದಿರುವುದು ಒಳ್ಳೆಯದು.

1. ಬೇಸಾಯ ಮೊದಲು, ಬಾಡಿಗೆ ಆಮೇಲೆ

ಎರಡನೆಯ ಮಹಾಯುದ್ಧದ ನಂತರ ಇಟಲಿಯ ಗುಡ್ಡಗಾಡಿನ ರೈತ ಕುಟುಂಬಗಳು ಕಾರ್ಖಾನೆ ಕೆಲಸ ಹುಡುಕಿಕೊಂಡು ಪಟ್ಟಣ ಸೇರತೊಡಗಿದವು. ಮನೆಗಳು ಖಾಲಿಯಾದವು, ಜಮೀನು ಬೀಳುಬಿದ್ದಿತು. ಉಳಿದ ರೈತರ ಕೈಗೆ ಇನ್ನೊಂದಿಷ್ಟು ಆದಾಯ ಬರಲೆಂದು ಹಳ್ಳಿಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಪದ್ಧತಿಗೆ ಪ್ರೋತ್ಸಾಹ ದೊರೆಯಿತು. ಇದಕ್ಕೆ ಅಲ್ಲಿ ‘ಅಗ್ರಿತುರಿಸ್ಮೊ’ ಎನ್ನುತ್ತಾರೆ. 1985ರ ಡಿಸೆಂಬರಿನಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಕಾನೂನು ಬಂದಿತು. 2006ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾನೂನು ಬಂದಿತು.

ಈ ಕಾನೂನಿನ ಜೀವಾಳವನ್ನು ಗಮನಿಸಿರಿ. ಅತಿಥಿಗಳನ್ನು ಇರಿಸಿಕೊಳ್ಳುವವನು ಬೇಸಾಯಗಾರನೇ ಆಗಿರಬೇಕು. ಎರಡು ಕೆಲಸಗಳಲ್ಲಿ ಬೇಸಾಯವೇ ಪ್ರಧಾನವಾಗಿ ಉಳಿಯಬೇಕು. ಅದನ್ನು ಅಳೆಯುವಾಗ ಯಾವ ಕೆಲಸಕ್ಕೆ ಎಷ್ಟು ದುಡಿಮೆಯ ಸಮಯ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ನೋಡತಕ್ಕದ್ದು. ಜಮೀನಿನಲ್ಲಿ ಈಗಾಗಲೇ ಇರುವ ಕಟ್ಟಡಗಳನ್ನು ವಸತಿಗೆ ಬಳಸಬಹುದು. ಬಡಿಸುವ ಊಟದಲ್ಲಿ ಸ್ವಂತ ಜಮೀನಿನ ಮತ್ತು ಸುತ್ತಲಿನ ರೈತರ ಪದಾರ್ಥಗಳೇ ಹೆಚ್ಚಾಗಿರಬೇಕು. ಅತಿಥಿಗಳು ಹತ್ತು ಜನಕ್ಕೆ ಮೀರದಿದ್ದರೆ ಬೇಸಾಯವೇ ಪ್ರಧಾನವೆಂದು ಎಣಿಸಬಹುದೆಂದು 2006ರ ಕಾನೂನು ಹೇಳಿತು. ಉಳಿದ ವಿವರಗಳನ್ನು ಆಯಾ ಪ್ರಾಂತ್ಯಗಳು ಗೊತ್ತುಪಡಿಸುತ್ತವೆ. ಈ ಬಗೆಯ ರೈತಮನೆಗಳು ಇಂದು ಇಟಲಿಯಲ್ಲಿ 25,000ಕ್ಕೂ ಹೆಚ್ಚಿವೆ.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಅತಿಥಿ ಸತ್ಕಾರ ಅಲ್ಲಿ ಉಪಬೆಳೆ. ನೆರಳುಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯಂತೆ ಅದು ತೋಟವನ್ನು ಆಶ್ರಯಿಸಿ ಬೆಳೆಯುತ್ತದೆ. ಬಳ್ಳಿಗೋಸ್ಕರ ಯಾರೂ ಕಾಫಿ ಗಿಡ ಕಿತ್ತುಹಾಕುವುದಿಲ್ಲ.

2. ಕೆಂಪು ಹುಂಜದ ಗುರುತು

ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿ, ದಕ್ಷಿಣ ಟಿರೋಲ್ ಎಂಬ ಪ್ರಾಂತ್ಯವಿದೆ. ಜನರಲ್ಲಿ ಹೆಚ್ಚಿನವರ ಮಾತು ಜರ್ಮನ್. ಕಣಿವೆಯಲ್ಲಿ ಸೇಬು, ದ್ರಾಕ್ಷಿ. ಮೇಲಿನ ಇಳಿಜಾರುಗಳಲ್ಲಿ ಹುಲ್ಲುಗಾವಲು, ಹೈನುಗಾರಿಕೆ. ಹಿಡುವಳಿಗಳು ಚಿಕ್ಕವು. ಅಲ್ಲಿನ ಸೇಬು, ಹಾಲುಗಳ ಬಹುಪಾಲು ಸಹಕಾರ ಸಂಘಗಳ ಮೂಲಕವೇ ಮಾರುಕಟ್ಟೆಗೆ ಹೋಗುತ್ತದೆ ಎಂಬುದು ನಮಗೆ ಸಂತೋಷದ ವಿಷಯ.

ಅಲ್ಲಿನ ರೈತ ಸಂಘವು 1990ರ ದಶಕದ ಕೊನೆಯಲ್ಲಿ ‘ಕೆಂಪು ಹುಂಜ’ ಎಂಬ ಗುರುತನ್ನು ಆರಂಭಿಸಿತು. ಇಂದು 1,500ಕ್ಕೂ ಹೆಚ್ಚು ರೈತಮನೆಗಳು ಈ ಗುರುತಿನಡಿ ಇವೆ. ನಾಲ್ಕು ಕೋಣೆಯ ರೈತ ಒಬ್ಬನೇ ಪರದೇಶದ ಪ್ರವಾಸಿಗೆ ಪ್ರಚಾರ ಮಾಡಲಾರ. ಆ ಕೆಲಸವನ್ನು ಸಂಘವು ಎಲ್ಲರ ಪರವಾಗಿ ಮಾಡುತ್ತದೆ. ಹೋಟೆಲುಗಳಿಗೆ ನಕ್ಷತ್ರ ಕೊಡುವಂತೆ ಇಲ್ಲಿ ಮನೆಗಳಿಗೆ ಹೂವುಗಳನ್ನು ಕೊಡುತ್ತಾರೆ. ಐದು ಹೂವು ಅತಿ ಮೇಲಿನ ದರ್ಜೆ. ಕೋಣೆಯ ಸೌಕರ್ಯದ ಜೊತೆಗೆ ಬೇಸಾಯದ ಬದುಕು ಅತಿಥಿಗೆ ಎಷ್ಟು ಕಾಣಸಿಗುತ್ತದೆ ಎಂಬುದಕ್ಕೂ ಅಂಕವಿದೆ.

ಇದೇ ಪ್ರಾಂತ್ಯದಿಂದ ಇನ್ನೊಂದು ಪಾಠವೂ ಇದೆ. ಪ್ರವಾಸಿಗರು ಮಿತಿಮೀರಿ ಬಂದು ರಸ್ತೆ, ನೀರು, ಮನೆಬಾಡಿಗೆ ಎಲ್ಲದರ ಮೇಲೂ ಒತ್ತಡ ಹೆಚ್ಚಿದಾಗ, 2022ರಲ್ಲಿ ಪ್ರಾಂತ್ಯದ ಸರಕಾರ ಅತಿಥಿಗಳ ಹಾಸಿಗೆಗಳ ಸಂಖ್ಯೆಗೇ ಮಿತಿ ಹಾಕಿತು. ಪ್ರವಾಸೋದ್ಯಮದಿಂದ ಚೆನ್ನಾಗಿ ಬದುಕುವ ನಾಡೇ ‘ಇಷ್ಟು ಸಾಕು’ ಎಂದು ಹೇಳಬೇಕಾಯಿತು.

3. ಅಳತೆಗೆ ಸಿಗುವ ಹಸಿರು

ಯೂರೋಪ್ ಒಕ್ಕೂಟವು 1992ರಲ್ಲಿ ಪರಿಸರ ಗುರುತಿನ ಒಂದು ಯೋಜನೆಯನ್ನು ಆರಂಭಿಸಿತು. ಅದರ ಚಿಹ್ನೆ ಒಂದು ಹೂವು. 2003ರಲ್ಲಿ ಪ್ರವಾಸಿ ವಸತಿಗಳನ್ನೂ ಇದಕ್ಕೆ ಸೇರಿಸಿದರು. 2017ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದರು. ವಿದ್ಯುತ್ತು, ಇಂಧನ, ನೀರು, ಕಸ, ಸಾಬೂನು, ಒಗೆತ ಎಲ್ಲಕ್ಕೂ ಷರತ್ತುಗಳಿವೆ. ಅರ್ಜಿದಾರನು ದಾಖಲೆಗಳನ್ನು ಒಪ್ಪಿಸಬೇಕು. ಅಧಿಕಾರ ಪಡೆದ ಸಂಸ್ಥೆ ಪರಿಶೀಲಿಸಿದ ಮೇಲೆಯೇ ಹೂವಿನ ಗುರುತು ಸಿಗುತ್ತದೆ.

ಒಂದು ಷರತ್ತನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಚ್ಚಲುಮನೆಯ ನಲ್ಲಿ ಮತ್ತು ಷವರಿನಿಂದ ನಿಮಿಷಕ್ಕೆ ಸರಾಸರಿ 8.5 ಲೀಟರಿಗಿಂತ ಹೆಚ್ಚು ನೀರು ಬರಕೂಡದು. ಇದು ಚಿಕ್ಕ ಮಾತಿನಂತೆ ತೋರಬಹುದು. ಲೆಕ್ಕ ಹಾಕಿ ನೋಡಿರಿ. ನಿಮಿಷಕ್ಕೆ 15 ಲೀಟರ್ ಸುರಿಯುವ ಷವರಿನ ಕೆಳಗೆ ಒಬ್ಬ ಅತಿಥಿ 8 ನಿಮಿಷ ನಿಂತರೆ 120 ಲೀಟರ್ ಖರ್ಚು. 8.5 ಲೀಟರಿನ ಷವರಾದರೆ 68 ಲೀಟರ್. ಒಬ್ಬರಿಗೆ 52 ಲೀಟರ್ ಉಳಿತಾಯ. ಹತ್ತು ಜನಕ್ಕೆ ದಿನಕ್ಕೆ 520 ಲೀಟರ್.

ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಕೊಡಬೇಕೆಂಬ ಶಿಫಾರಸು ನಮಗೆಲ್ಲ ತಿಳಿದದ್ದೇ. ಅಂದರೆ ಷವರಿನ ತಲೆ ಬದಲಾಯಿಸಿದ ಮಾತ್ರಕ್ಕೆ 26 ಮರಗಳ ಒಂದು ದಿನದ ನೀರು ಉಳಿಯಿತು. ಶಾಲೆಗಳ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಬಾವಿಗಳ ನೀರು ತಳ ಮುಟ್ಟುವುದೂ ಆಗಲೇ. ಅತಿಥಿಗೂ ಮರಕ್ಕೂ ಒಂದೇ ಬಾವಿಯಾದಾಗ ಈ ಲೆಕ್ಕ ಬಹಳ ಮುಖ್ಯ.

4. ಬರುವ ದಾರಿಯ ಲೆಕ್ಕ

ವಸತಿ ಎಷ್ಟೇ ಚೊಕ್ಕಟವಾಗಿರಲಿ, ಅತಿಥಿ ಅಲ್ಲಿಗೆ ಹೇಗೆ ಬಂದ ಎಂಬ ಪ್ರಶ್ನೆ ಉಳಿಯುತ್ತದೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಮತ್ತು ಪರಿಸರ ಅಂಗಸಂಸ್ಥೆಗಳು 2008ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, 2005ರಲ್ಲಿ ಪ್ರವಾಸದಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಯಾಣದ್ದು. ವಿಮಾನದ ಪಾಲೇ ಶೇಕಡಾ 40. ವಸತಿಯ ಪಾಲು ಶೇಕಡಾ 21 ಮಾತ್ರ. ಟವೆಲನ್ನು ದಿನವೂ ಒಗೆಯುವುದಿಲ್ಲವೆಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದಾಯಿತು.

ಇದಕ್ಕೆ ಅಲ್ಲಿ ಹಲವು ಉಪಾಯಗಳು ನಡೆದಿವೆ. ಜರ್ಮನಿಯ ಕಪ್ಪು ಅರಣ್ಯ ಪ್ರದೇಶದಲ್ಲಿ 2005ರಿಂದ ಒಂದು ಕಾರ್ಡಿನ ಪದ್ಧತಿ ಇದೆ. ಯೋಜನೆಗೆ ಸೇರಿದ ಊರುಗಳಲ್ಲಿ ತಂಗುವ ಅತಿಥಿ ಅದನ್ನು ತೋರಿಸಿ ಸ್ಥಳೀಯ ಬಸ್ಸು, ರೈಲುಗಳಲ್ಲಿ ಟಿಕೆಟ್ ಇಲ್ಲದೆ ಓಡಾಡಬಹುದು. ಅತಿಥಿಯ ಪ್ರತಿ ರಾತ್ರಿಯ ತಂಗುವಿಕೆಗೆ ಊರು ವಸೂಲು ಮಾಡುವ ತೆರಿಗೆಯಿಂದ ಒಂದು ಚಿಕ್ಕ ಪಾಲು ಇದಕ್ಕೆ ಹೋಗುತ್ತದೆ. ವಿಯೆನ್ನಾ ನಗರದ ಸ್ಟಾಡ್‌ಹಾಲೆ ಎಂಬ ಹೋಟೆಲು 2009ರಲ್ಲಿ ಅಂತರ್ಜಲದ ಶಾಖ ಮತ್ತು ಬಿಸಿಲಿನ ಶಕ್ತಿ ಬಳಸುವ ಹೊಸ ಕಟ್ಟಡ ಕಟ್ಟಿತು. ರೈಲಿನಲ್ಲೋ ಸೈಕಲ್ಲಿನಲ್ಲೋ ಬಂದವರಿಗೆ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಇಟ್ಟಿತು. ಫ್ರಾನ್ಸಿನಲ್ಲಿ 2021ರ ಕಾನೂನಿನ ಪ್ರಕಾರ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಕೆಲವು ಊರುಗಳ ನಡುವೆ ವಿಮಾನ ಸಂಚಾರ ನಿಲ್ಲಿಸಿದರು. 2023ರ ಮೇ ತಿಂಗಳಲ್ಲಿ ಅದರ ಆದೇಶ ಹೊರಟಿತು.

5. ಬೋರ್ಡಿಗೆ ಕಡಿವಾಣ

ಬರೇ ಮಾತಿನ ಹಸಿರು ಯೂರೋಪಿನಲ್ಲೂ ಧಾರಾಳವಾಗಿತ್ತು. ಆದುದರಿಂದ 2024ರಲ್ಲಿ ಯೂರೋಪ್ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು. ಆಧಾರ ತೋರಿಸದೆ ‘ಪರಿಸರಸ್ನೇಹಿ’, ‘ಹಸಿರು’ ಎಂದು ಗಿರಾಕಿಗೆ ಹೇಳುವುದು, ತಪಾಸಣೆಯಿಲ್ಲದ ಗುರುತುಗಳನ್ನು ತಾನೇ ಮಾಡಿ ಅಂಟಿಸಿಕೊಳ್ಳುವುದು ನಿಷಿದ್ಧ. ಇದರ ಜಾರಿಗೆ ಗೊತ್ತುಪಡಿಸಿದ ದಿನ 2026ರ ಸೆಪ್ಟೆಂಬರ್ 27. ಕಲಬೆರಕೆ ಕಾಫಿಪುಡಿಯನ್ನು ಅಪ್ಪಟವೆಂದು ಮಾರಿದರೆ ನಿಜವಾದ ಬೆಳೆಗಾರನಿಗೇ ನಷ್ಟವಲ್ಲವೇ? ಸುಳ್ಳು ಬೋರ್ಡಿನಿಂದ ಆಗುವ ನಷ್ಟವೂ ಅದೇ ಜಾತಿಯದು.

6. ಸಾರಾಂಶ

ಯೂರೋಪಿನ ಕಾನೂನುಗಳು ನಮಗೆ ಅನ್ವಯಿಸುವುದಿಲ್ಲ. ನಮ್ಮ ರಾಜ್ಯದ ನಿಯಮ, ನೋಂದಣಿಗಳು ಬೇರೆ. ಆದರೆ ಅಲ್ಲಿನ ರೈತ ಕಲಿತ ಮೂರು ಮಾತು ನಮಗೂ ಹೊಂದುತ್ತವೆ. ಇರುವ ಮನೆಯಲ್ಲಿ ಇರುವಷ್ಟು ಕೋಣೆ. ಎಲ್ಲದಕ್ಕೂ ಅಳತೆ ಮತ್ತು ಲೆಕ್ಕ. ಒಬ್ಬನ ಬೋರ್ಡಿಗಿಂತ ಸಂಘದ ಗುರುತು ಹೆಚ್ಚು ನಂಬಿಕೆಗೆ ಅರ್ಹ.

ಕಾಫಿಗೋ ಅಡಿಕೆಗೋ ಬೆಲೆ ಬಿದ್ದ ವರ್ಷ ಕೋಣೆಯ ಬಾಡಿಗೆ ಕೈಹಿಡಿಯಬಹುದು. ಆದರೆ ಮಳೆ, ಗುಡ್ಡಕುಸಿತ, ಸಾಂಕ್ರಾಮಿಕ ಬಂದ ವರ್ಷ ಅತಿಥಿ ಬರುವುದಿಲ್ಲ. 2020ರಲ್ಲಿ ಅದನ್ನು ಇಟಲಿಯವರೂ ಕಂಡರು, ನಾವೂ ಕಂಡೆವು. ಆಗ ಉಳಿಯುವುದು ತೋಟ. ಅತಿಥಿ ನಮ್ಮಲ್ಲಿಗೆ ಹುಡುಕಿಕೊಂಡು ಬರುವುದೂ ಆ ತೋಟದ ನೆರಳು, ಹಕ್ಕಿ, ಹೂವಿನ ಪರಿಮಳಗಳನ್ನೇ. ಕೋಣೆಗಾಗಿ ನೆರಳುಮರ ಕಡಿದವನು ತನ್ನ ಸರಕನ್ನೇ ಕಳೆದುಕೊಂಡಂತೆ.

ಗ್ರಾಮ ಸಭೆಗಳಲ್ಲಿ ಚರ್ಚಿಸಲು ಪ್ರಶ್ನೆಗಳು

ಅ) ನಿಮ್ಮ ಮನೆಯ ದುಡಿಮೆಯ ಸಮಯದಲ್ಲಿ ತೋಟಕ್ಕೆ ಎಷ್ಟು, ಅತಿಥಿಗಳಿಗೆ ಎಷ್ಟು ಹೋಗುತ್ತದೆ? ಒಂದು ವಾರ ಬರೆದಿಟ್ಟು ನೋಡಿರಿ.
ಆ) ನಿಮ್ಮ ಷವರಿನಿಂದ ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆ? ಬಕೆಟ್ ಹಿಡಿದು ಅಳೆಯಿರಿ.
ಇ) ಅತಿಥಿಯ ತಟ್ಟೆಯಲ್ಲಿ ನಮ್ಮ ಊರಿನ ಪದಾರ್ಥ ಎಷ್ಟು, ಪೇಟೆಯದು ಎಷ್ಟು?
ಈ) ಹೋಂಸ್ಟೇ ನಡೆಸುವ ಸದಸ್ಯರಿಗಾಗಿ ನಮ್ಮ ಸಂಘವೇ ಒಂದು ಗುರುತು ಕೊಡುವುದಾದರೆ ಅದರ ಷರತ್ತುಗಳೇನಿರಬೇಕು? ತಪಾಸಣೆ ಯಾರು ಮಾಡಬೇಕು?

ಚರ್ಚೆಯ ಸಾರವನ್ನು ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಾಗುವುದು.

— ಕಾರ್ಯದರ್ಶಿ